ಹೊಳೆವ್ವ ಕೇಳಿದ ನೀರು

ಶಿವರಾತ್ರಿ ಕಳೆದು ವಾರವಾಗಿರಲಿಲ್ಲ, ಬಿಸಿಲು ಆಗಲೇ ಚರ್ಮ ಸುಲಿಯುತ್ತಿತ್ತು. ಅಥಣಿ ಕಡೆಯ ಅನಂತಪುರದ ಧರೆಪ್ಪನ ತೋಟದಲ್ಲಿ ದ್ರಾಕ್ಷಿ ಕಟಾವು ನಡೆದಿತ್ತು. ಹೆಂಗಸರು ಗೊನೆ ಕತ್ತರಿಸಿ ಕ್ರೇಟಿಗೆ ತುಂಬುವರು, ಗಂಡಸರು ಹೊತ್ತು ತಂದು ಶೆಡ್ಡಿನ ಮುಂದೆ ಇಳಿಸುವರು. ಅಲ್ಲಿ ದೊಡ್ಡ ಬಾನಿಯಲ್ಲಿ ಎಣ್ಣೆ, ಪೊಟ್ಯಾಷ್ ಕಲಸಿದ ನೀರು. ಕ್ರೇಟನ್ನು ಅದರಲ್ಲಿ ಅದ್ದಿ ಎತ್ತಿ, ಸೋರಿದ ಮೇಲೆ ಒಳಗೆ ಒಯ್ದು, ಒಂದರ ಮೇಲೊಂದು ಬಿಗಿದು ಕಟ್ಟಿದ ಜಾಳಿಗೆಗಳ ಮೇಲೆ ಹರವಬೇಕು. ಹಸಿರು ಪರದೆ ಇಳಿಬಿಟ್ಟ ಆ ಉದ್ದನೆಯ ಶೆಡ್ಡಿನೊಳಗೆ ಗಾಳಿಯಷ್ಟೇ ಹಾದುಹೋಗುತ್ತದೆ, ಬಿಸಿಲಿಗೆ ಪ್ರವೇಶವಿಲ್ಲ. ಕಾಯಿ ದಿನಕ್ಕಿಷ್ಟು ನೀರು ಬಿಟ್ಟುಕೊಡುತ್ತ, ಸುಕ್ಕುಗಟ್ಟುತ್ತ ಮಣೂಕ, ಅಂದರೆ ಒಣದ್ರಾಕ್ಷಿ, ಆಗುತ್ತದೆ. ಗಂಧಕದ ಹೊಗೆ ಹಾಕಿದ ದಿನ ಅದರ ಘಾಟು ಮನೆಯವರ ತಲೆಗೂದಲಿಗೂ ಅಂಟಿರುತ್ತದೆ.

"ಅಳಿಯಂದ್ರ," ಎಂದ ಧರೆಪ್ಪ, ಮೊಣಕೈವರೆಗೆ ಬಾನಿಯಲ್ಲಿ ಕೈ ಅದ್ದಿಕೊಂಡೇ. "ಆಟ ಆಡ್ರಿ. ಬ್ಯಾಡ ಅನ್ನಂಗಿಲ್ಲ. ಆದ್ರ ನೀರ ಕೊಡೂದು ಮಾತ್ರ ಬಿಡಬ್ಯಾಡ್ರಿ."

ಅಳಿಯ ವಿಶಾಲ ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದ. ಮೈಸೂರಿನವನು. ನಾಟಕ ಕಲಿತು, ನಾಟಕ ಕಲಿಸಿ, ಈಗ ಎರಡು ವರ್ಷದಿಂದ ಹಳೆಯ ದುರಂತ ನಾಟಕಗಳ ಬೆನ್ನು ಹತ್ತಿದ್ದ. ದೊಡ್ಡ ರಂಗೋತ್ಸವವೊಂದರವರು ಹೊಳೆವ್ವನ ಆಟದ ಸಾವಿನ ದೃಶ್ಯವನ್ನು ಆಡಿ, ವಿಡಿಯೊ ಮಾಡಿ ಕಳಿಸಲು ಹೇಳಿದ್ದರು.

"ಬಿಟ್ಟರೆ ಏನಾಗುತ್ತೆ ಮಾವ?"

"ಬಿಟ್ಟವರು ಯಾರೂ ಉಳಿದಿಲ್ರಿ, ಹೇಳಾಕ."

"ಹಾಗಾದ್ರೆ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ ಅನ್ನಿ." ವಿಶಾಲ ನಕ್ಕ. "ಬೇಕಾದ್ರೆ ಆವತ್ತು ಬಾಗಿಲಿಗೊಂದು ನಿಂಬೆಹಣ್ಣು ಕಟ್ಟಿಬಿಡೋಣ. ಜೊತೆಗೆ ನಾಲ್ಕು ಮೆಣಸಿನಕಾಯಿ."

ಬಾನಿಯ ಸುತ್ತಲಿನ ಹೆಂಗಸರು ನಗಲಿಲ್ಲ. ಒಬ್ಬಳು ಕ್ರೇಟು ಹಿಡಿದ ಕೈ ಹಾಗೇ ನಿಲ್ಲಿಸಿ ಅವನನ್ನು ನೋಡಿದಳು. ಧರೆಪ್ಪ ಕೈ ಒದರಿಕೊಂಡ. ಆ ಮನೆಯಲ್ಲಿ ಅಳಿಯನಿಗೆ ಎರಡನೆಯ ಸಲ ಇಲ್ಲ ಎನ್ನುವ ರೂಢಿ ಇರಲಿಲ್ಲ. ಅಳಿಯ ಕೇಳಿದನೆಂದೇ ಹಾಡು ಹೇಳಿಕೊಟ್ಟಿದ್ದ. ಅಳಿಯ ಕೇಳಿದನೆಂದೇ ಒಂದು ಶೆಡ್ಡಿನ ನಡುವಿನ ಜಾಳಿಗೆ ಬಿಚ್ಚಿಸಿ ಜಾಗ ಮಾಡಿಕೊಟ್ಟಿದ್ದ.

"ಅಲ್ಲೆ ಮಲಗಾಕಿ ನನ್ನ ಮಗಳ್ರಿ," ಎಂದಷ್ಟೇ ಹೇಳಿ ಮುಂದಿನ ಕ್ರೇಟನ್ನು ಬಾನಿಗೆ ಇಳಿಸಿದ.

ಹೊಳೆವ್ವನ ಆಟ ಈ ಭಾಗದ ಹಳೆಯ ಸಣ್ಣಾಟ. ಈಗ ಆಡುವವರಿಲ್ಲ, ಪೂರ್ತಿ ಹಾಡು ಬರುವವನು ಧರೆಪ್ಪ ಒಬ್ಬನೇ. ಕೃಷ್ಣೆಯ ದಂಡೆಯ ಯಾವುದೋ ಊರಿನ ಸೊಸೆ ಹೊಳೆವ್ವ. ಗಂಡ ಭೀಮಸಿ. ಯಾರೋ ಅವಳ ಮೇಲೆ ಇಲ್ಲದ್ದು ಹೇಳಿದರು, ಭೀಮಸಿ ನಂಬಿದ. ನಡುಬೇಸಿಗೆಯಲ್ಲಿ ಅವಳ ಕೈಕಾಲು ಕಟ್ಟಿ ಹೊಳೆಯ ಉಸುಕಿನಲ್ಲಿ ಕೆಡವಿದ. ಹರಿಯುವ ನೀರಿನ ಸಪ್ಪಳ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಅವಳು ಬಾಯಾರಿ ಸತ್ತಳು. ಸಾಯುವ ಮುನ್ನ ಮೂರು ಸಲ ನೀರು ಕೇಳುತ್ತಾಳೆ. ಮೂರು ಸಲವೂ ಭೀಮಸಿ ಇಲ್ಲವೆನ್ನುತ್ತಾನೆ.

ಕತೆ ಅಲ್ಲಿಗೆ ಮುಗಿದರೂ ಆಟ ಮುಗಿಯುವುದಿಲ್ಲ. ಮೂರನೆಯ ಕೂಗು ಕೇಳಿದ್ದೇ ನೋಡುತ್ತ ಕುಳಿತವರ ನಡುವಿನಿಂದ ಒಬ್ಬ ಹೆಂಗಸು ಚರಗಿ ಹಿಡಿದು ಎದ್ದು ಬರುತ್ತಾಳೆ. ಭೀಮಸಿಯ ವೇಷದವನು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಆಕೆ ಹೊಳೆವ್ವನ ಬಾಯಿಗೆ ನೀರು ಹನಿಸುತ್ತಾಳೆ. ದಪ್ಪಿನ ಬಡಿತ ನಿಲ್ಲುತ್ತದೆ. ಜನ ಉಸಿರು ಬಿಡುತ್ತಾರೆ. ಆಮೇಲೆ ಹೊಳೆವ್ವ ಕಣ್ಣು ಮುಚ್ಚುತ್ತಾಳೆ, ಮಂಗಳ ಹಾಡಿ ಎಲ್ಲರೂ ಮನೆಗೆ ಹೋಗುತ್ತಾರೆ.

ವಿಶಾಲನಿಗೆ ಒಪ್ಪಿಗೆಯಾಗದೆ ಉಳಿದದ್ದು ಇದೊಂದೇ. ಇಂಥ ಕಟುವಾದ ದುರಂತವನ್ನು ಕಟ್ಟಿದವನು ಕೊನೆಯಲ್ಲಿ ಜನರಿಗೆ ಸಮಾಧಾನ ಹಂಚುತ್ತಾನೆಂದರೆ ಅವನು ನಂಬುತ್ತಿರಲಿಲ್ಲ. ನೀರು ಕೊಡುವುದು ನಂತರದವರು ಸೇರಿಸಿದ ತೇಪೆ ಎಂದು ಅವನ ವಾದ. ತೇಪೆ ಕಿತ್ತರೆ ಒಳಗಿನ ಬಟ್ಟೆ ಕಾಣುತ್ತದೆ. ನೋಡುವವನು ಕುಳಿತಲ್ಲೇ ಒದ್ದಾಡಬೇಕು, ಏಳಬಾರದು.

ಅದು ತೇಪೆಯಲ್ಲವೆಂದು ಧರೆಪ್ಪ ಒಂದು ಸಂಜೆ ಪಡಸಾಲೆಯಲ್ಲಿ ಹೇಳಿದ್ದ. ಹಾಡು ಹೇಳಿಕೊಡುತ್ತಿದ್ದವನು ಹಾರ್ಮೋನಿಯಂನ ತಿದಿ ಮುಚ್ಚಿ, ಒಳಗೆ ಅಡುಗೆಮನೆಯಲ್ಲಿದ್ದ ಮಗಳಿಗೆ ಕೇಳದಂತೆ ದನಿ ತಗ್ಗಿಸಿದ್ದ.

"ಇದು ಬರೇ ಹಾಡಲ್ರಿ. ಮಾಟ ಐತಿ. ಹೊಳೆವ್ವನ ತಾಯಿ ಮಗಳ ಹೆಣದ ಬಾಯಾಗಿನ ಉಸುಕ ತಗದು ಸೆರಗಿನ್ಯಾಗ ಕಟ್ಟಿಕೊಂಡು ಹೊಳಿಯಾಚೆ ಮಂತ್ರಗಾರನ ಕಡೆ ಹೋದಳಂತ. ಅಂವಾ ಅಂದನಂತ, ಗೊಂಬಿ ಮಾಡಿದ್ರ ಯಾರರ ಸುಡತಾರ, ನಿಂಬಿಹಣ್ಣ ಆದ್ರ ಕೊಳೀತೈತಿ, ಹಾಡಿನ್ಯಾಗ ಕಟ್ಟತೇನು ತಗೋ ಅಂತ. ಆ ಉಸುಕ ಒಬ್ಬ ಹಾಡುಗಾರನ ನಾಲಿಗಿ ಮ್ಯಾಲ ಇಟ್ಟು, ಸುಡಗಾಡದಾಗ ಕುಂದರ್ಸಿ ಹಾಡಿಸಿದ. ಭೀಮಸಿ ಬಾವಿ ನೀರೆಲ್ಲಾ ಕುಡದು, ತಳದ ರಾಡಿಯೊಳಗ ಮಾರಿ ಇಟ್ಟ ಸತ್ತ."

"ಆಮೇಲೆ?"

"ಭೀಮಸಿ ಸತ್ತ. ನೀರಡಿಕಿ ಸಾಯಲಿಲ್ಲ. ಹಾಡಿದಾಗೊಮ್ಮೆ ಗಂಟಲ ಹುಡುಕ್ಕೊಂಡ ಬರತೈತಿ. ಮಂದಿಯೊಳಗಿಂದ ಯಾರರ ತಾವಾಗಿ ಎದ್ದು ಒಂದು ಗುಟುಕು ಕೊಟ್ರ ಸಮಾಧಾನ ಆಗಿ ಹೋಗತೈತಿ. ಅಷ್ಟ."

"ಎಂಥ ಕತೆ ಮಾವ!" ಎಂದು ವಿಶಾಲ ಮೊಬೈಲಿನಲ್ಲಿ ರೆಕಾರ್ಡ್ ಆಗಿದೆಯೇ ಎಂದು ನೋಡಿಕೊಂಡಿದ್ದ.

ನೀರು ಕೊಡಲು ಏಳುತ್ತಿದ್ದವರು ತಲೆತಲಾಂತರದಿಂದ ಊರಾಚೆಯ ಕೇರಿಯ ಸೀತವ್ವನ ಮನೆಯ ಹೆಂಗಸರು. ಊರ ಬಾವಿಯ ಹಗ್ಗ ಮುಟ್ಟಲು ಬಿಡದ ಕಾಲದಲ್ಲಿಯೂ ಆಟದ ಆ ಒಂದು ಗಳಿಗೆ ಆ ಕೇರಿಯ ಚರಗಿಗೆ ಎಲ್ಲರೂ ದಾರಿ ಬಿಡುತ್ತಿದ್ದರು. ವಿಶಾಲ ಅವಳ ಮನೆಗೂ ಹೋಗಿದ್ದ. ಬುದ್ಧನ ಪಟದ ಕೆಳಗೆ ಕುರ್ಚಿ ಹಾಕಿ ಕೂಡಿಸಿ, ಗಂಡ ರಾಜಾರಾಮ ಚಹಾ ತಂದುಕೊಟ್ಟ. ಬಸ್ ಡಿಪೋದಲ್ಲಿ ದುಡಿದು ನಿವೃತ್ತನಾದವನು.

"ನೀವು ಬೌದ್ಧರು. ನಿಮಗೂ ಈ ಮಾಟದಲ್ಲಿ ನಂಬಿಕೆ ಇದೆಯಾ?" ವಿಶಾಲ ಕೇಳಿದ.

"ದೇವರ್ನ ಬಿಟ್ಟು ಭಾಳ ವರ್ಷ ಆತ್ರಿ ಸರ," ಎಂದಳು ಸೀತವ್ವ. "ದೆವ್ವಾನೂ ಬಿಟ್ಟೀವಿ. ನೀರ ಕೇಳಿದವರಿಗಿ ಕೊಡೂದು ಬಿಟ್ಟಿಲ್ಲ. ಅದಕ ಮಾಟ ಯಾಕ ಬೇಕ್ರಿ?"

"ಈ ಸಲ ನೀವು ಸುಮ್ಮನೆ ಕೂತು ನೋಡಿ ಅಷ್ಟೆ. ಏಳಬೇಡಿ."

ಸೀತವ್ವ ಗಂಡನ ಮುಖ ನೋಡಿದಳು. "ಅಕಿ ಕೇಳಾಕತ್ತಾಗ ಕುಂದರೂದು ಹೆಂಗಂತ ಹೇಳಿಕೊಡ್ರಿ ಸರ, ಕುಂದರತೇನು."

"ಅವರು ನಾಟಕ ಕಲಸೋರದಾರ, ಅದನ್ನೂ ಕಲಸ್ತಾರ ತಗೋ," ಎಂದು ರಾಜಾರಾಮ ನಕ್ಕ. ವಿಶಾಲನೂ ನಕ್ಕ. ಸೀತವ್ವ ನಗಲಿಲ್ಲ.

ತಾಲೀಮು ಶೆಡ್ಡಿನಲ್ಲೇ ನಡೆಯಿತು. ಭೀಮಸಿಯ ಪಾತ್ರ ವಿಶಾಲನದು, ಹೊಳೆವ್ವ ಅವನ ಹೆಂಡತಿ ಸೌಂದರ್ಯಾ. ಧರೆಪ್ಪ ಹಾರ್ಮೋನಿಯಂ ಹಿಡಿದ, ತೋಟದ ಆಳು ಬಾಹುಬಲಿ ದಪ್ಪು ಬಾರಿಸಿದ. ಮೂರನೆಯ ಕೂಗನ್ನು ಆಟದ ದಿನದ ಹೊರತು ಹಾಡಬಾರದೆಂದು ಧರೆಪ್ಪ ಹಟ ಹಿಡಿದಾಗ ವಿಶಾಲ ಒಪ್ಪಿದ. ಅವನ ಕಾರಣ ಬೇರೆ. ಪದೇ ಪದೇ ಹಾಡಿದರೆ ಆ ಕೂಗು ಸವೆಯುತ್ತದೆ ಎಂದು.

ಎರಡು ಕೂಗಿಗೇ ಸೌಂದರ್ಯಾಳ ತುಟಿ ಒಣಗುತ್ತಿತ್ತು. ತಾಲೀಮು ಮುಗಿದೊಡನೆ ಹೊರಗೋಡಿ ನಲ್ಲಿಗೆ ಬಾಯಿ ಹಚ್ಚುತ್ತಿದ್ದಳು.

"ರೀ, ನೀರ ಕೊಡೂದು ಇಟ್ಟಬಿಡ್ರಿ," ಎಂದಳು ಒಂದು ದಿನ, ಗಲ್ಲ ಒರೆಸಿಕೊಳ್ಳುತ್ತ. "ಅದೂ ಆಟದಾಗಿಂದs ಐತಿ."

"ನಿನಗೂ ಹೆದರಿಕೆನಾ?"

"ಹೆದರಿಕಿ ಅಲ್ಲ. ಅಲ್ಲೆ ಮಲಗಿದಾಗ ಯಾರರ ಬರತಾರ ಅಂತ ಅನಸ್ತೈತಿ. ಬರಂಗಿಲ್ಲ ಅಂತ ಮೊದಲs ಗೊತ್ತಿದ್ರ..."

"ಅದೇ, ಅದೇ ಬೇಕಾಗಿರೋದು!" ವಿಶಾಲ ಅವಳ ಭುಜ ಹಿಡಿದ. "ಬರಲ್ಲ ಅಂತ ಗೊತ್ತಿದ್ದೂ ಕೇಳಬೇಕು. ಆ ಮುಖ ನನಗೆ ಬೇಕು. ನನಗೋಸ್ಕರ."

ಅವಳು ಒಪ್ಪಿ ತಲೆಯಾಡಿಸಿದಳು. ಅವನು ಕೇಳಿದ್ದನ್ನು ಅವಳೂ ಇಲ್ಲವೆಂದವಳಲ್ಲ.

ಆಟದ ದಿನ ಹೊತ್ತು ಇಳಿಯುವ ಮುನ್ನವೇ ಜನ ಸೇರಿದರು. ಎರಡೂ ಕಡೆ ಜಾಳಿಗೆಗಳ ಮೇಲೆ ಅರ್ಧ ಒಣಗಿದ ಕಾಯಿ, ನಡುವೆ ಹೊಳೆಯಿಂದ ತಂದು ಸುರಿದ ಉಸುಕು, ಅದರ ಸುತ್ತ ಚಾಪೆ. ಕ್ಯಾಮೆರಾ ಮೂರು ಕಾಲಿನ ಮೇಲೆ ನಿಂತಿತ್ತು. ಯಾರ ಕೈಯಲ್ಲೂ ನೀರಿನ ಪಾತ್ರೆ ಇರದಂತೆ ವಿಶಾಲ ಬಾಗಿಲಲ್ಲೇ ನಿಂತು ನೋಡಿದ. ಬಾಟಲಿಗಳನ್ನೂ ಹೊರಗಿಡಿಸಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಧರೆಪ್ಪನ ಅಳಿಯ ಹೇಳುತ್ತಿದ್ದಾನೆಂದು ಬಾಯಿ ಮುಚ್ಚಿಕೊಂಡರು.

ಪರದೆಯ ಹಸಿರು ಬೆಳಕು ಮೆಲ್ಲಗೆ ಕಪ್ಪಾಗುತ್ತಿತ್ತು. ದಪ್ಪು ಸದ್ದಿಲ್ಲದಂತೆ ಶುರುವಾಯಿತು. ಸೌಂದರ್ಯಾ ಉಸುಕಿನಲ್ಲಿ ಮಗ್ಗುಲಾಗಿ ಬಿದ್ದಿದ್ದಳು, ಕೈ ಹಿಂದಕ್ಕೆ ಕಟ್ಟಿತ್ತು.

"ಹೊಳಿಯ ಸಪ್ಪಳ ಕೇಳತೈತಿ, ಹನಿ ನೀರ ಕೊಡೊ ಧಣಿಯಾ..."

"ಇಲ್ಲ," ಎಂದ ಭೀಮಸಿ.

ಜನ ಮಿಸುಕಾಡಿದರು. ಎಲ್ಲೋ ಒಂದು ಕೂಸು ಅತ್ತಿತು, ತಾಯಿ ಬಾಯಿ ಮುಚ್ಚಿದಳು.

"ಉಸುಕ ನುಂಗಿ ಉಸುರ ಹಿಡದೇನ, ಹನಿ ನೀರ ಕೊಡೊ ಧಣಿಯಾ..."

"ಇಲ್ಲ."

ಧರೆಪ್ಪನ ಬೆರಳು ಹಾರ್ಮೋನಿಯಂ ಮೇಲೆ ತಡವರಿಸಿತು. ಸೌಂದರ್ಯಾ ತಲೆ ಎತ್ತಿದಳು. ಅವಳ ಕಣ್ಣು ವಿಶಾಲನನ್ನು ದಾಟಿ ಬೇರೆಲ್ಲೋ ನೋಡುತ್ತಿತ್ತು.

"ಕೊಡದ ಕೈಯಿಗಿ ಹೊಳಿಯೆ ತುಂಬಲಿ, ಗಂಟಲ ತುಂಬದಿರಲಿ! ಹನಿ ನೀರ ಕೊಡೊ ಧಣಿಯಾ..."

ಅದು ಅವಳ ದನಿಯಾಗಿರಲಿಲ್ಲ. ಮುದಿ ದನಿ. ಕಲ್ಲಿಗೆ ಕಲ್ಲು ತಿಕ್ಕಿದಂತೆ ಒರಟಾದ ದನಿ. ವಿಶಾಲನ ಬೆನ್ನ ಮೇಲೆ ರೋಮ ಎದ್ದಿತು. ಎಂಥ ನಟಿ, ಎಂದುಕೊಂಡ.

ಆಗ ಸೀತವ್ವ ಎದ್ದಳು. ಸೆರಗಿನ ಮರೆಯಿಂದ ಚರಗಿ ಹೊರಬಂತು. ಜನ ತಂತಾನೆ ಸರಿದು ದಾರಿಯಾಯಿತು. ಅವಳು ಲಗುಬಗೆಯಿಂದ, ಒಲೆಯ ಮೇಲಿನ ಹಾಲು ಉಕ್ಕುವಾಗ ಓಡುವವಳಂತೆ ಬಂದಳು.

ವಿಶಾಲ ಯೋಚಿಸಲಿಲ್ಲ. ಕ್ಯಾಮೆರಾ ಓಡುತ್ತಿತ್ತು. ಭೀಮಸಿಯೇ ಆಗಿ ಅಡ್ಡ ಬಂದು ಕೈ ಬೀಸಿದ. ಚರಗಿ ಹಾರಿ ಜಾಳಿಗೆಯ ಕಂಬಕ್ಕೆ ಬಡಿದು ಠಣ್ಣೆಂದಿತು. ನೀರು ಉಸುಕಿನ ಮೇಲೆ ಬಿತ್ತು.

ಸೀತವ್ವ ತನ್ನ ಖಾಲಿ ಕೈ ನೋಡಿಕೊಂಡಳು. "ಅಯ್ಯ ಸರ," ಎಂದಳು ಅಷ್ಟೇ.

ಯಾರೂ ಕೆಮ್ಮಲಿಲ್ಲ. ಆ ಮೌನ ಕೇಳಿ ವಿಶಾಲನಿಗೆ ಎದೆ ಉಬ್ಬಿತು. ಇಷ್ಟು ವರ್ಷ ಹುಡುಕಿದ ಗಳಿಗೆ ಇದೇ ಎನಿಸಿತು.

ಮರುಕ್ಷಣ ಗಂಧಕದ ಘಾಟು ಇಲ್ಲವಾಯಿತು. ಯಾರೋ ಒರೆಸಿ ತೆಗೆದಂತೆ. ಅದರ ಜಾಗದಲ್ಲಿ ಬೇಸಿಗೆಯ ಹೊಳೆಯ ವಾಸನೆ. ಒಣಗಿದ ಪಾಚಿ, ಸತ್ತ ಮೀನು, ಕಾದ ಉಸುಕು. ಗಾಳಿ ನಿಂತಿತ್ತು, ಆದರೂ ಜಾಳಿಗೆಗಳ ಮೇಲೆ ಕಾಯಿ ಅಲುಗುತ್ತಿದ್ದವು. ಚಿರ್, ಚಿರ್, ಚಿರ್. ವಿಶಾಲ ಒಂದನ್ನು ಮುಟ್ಟಿದ. ಬೆರಳ ಅಡಿಯಲ್ಲಿ ಪುಡಿಯಾಯಿತು. ಸಂಜೆ ಮೆತ್ತಗಿದ್ದ ಕಾಯಿ.

"ಸೌಂದರ್ಯಾ, ಏಳು. ಮುಗೀತು."

ಅವಳು ಏಳಲಿಲ್ಲ. ಬಾಯಿ ತೆರೆದಳು. ಮಾತು ಬರಲಿಲ್ಲ. ಉಸುಕು ಬಂತು. ತುಟಿಯ ಅಂಚಿನಿಂದ ಸಣ್ಣಗೆ, ನಿಲ್ಲದೆ.

ಕಿರುಚಾಟ. ಜನ ಬಾಗಿಲಿಗೆ ನುಗ್ಗಿದರು. ಕ್ಯಾಮೆರಾ ಬಿತ್ತು. ಬಾಹುಬಲಿ ಕೊಡ ತಂದ. ಧರೆಪ್ಪ ಮಗಳ ತಲೆಯನ್ನು ತೊಡೆಯ ಮೇಲಿಟ್ಟು ಬಾಯಿಗೆ ನೀರು ಹೊಯ್ದ. ಕಾದ ಹೆಂಚಿಗೆ ಹೊಯ್ದಂತೆ ಸುಂಯ್ಯೆಂದಿತು. ಗಂಟಲು ಅಲುಗಲೇ ಇಲ್ಲ. ಮತ್ತೆ ಹೊಯ್ದ. ಕೊಡ ಬರಿದಾಯಿತು. ಅವಳ ನಾಲಿಗೆ ಒಣಗಿದ ಚಕ್ಕಳದಂತೆ ಹಾಗೇ ಇತ್ತು.

"ನೀರು," ಎಂದಳು. ಈಗ ಅವಳದೇ ದನಿ. "ರೀ, ನೀರು."

ಅಥಣಿಯ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು. ಬಾಟಲಿ ಬದಲಿಸಿದ ಹಾಗೆ ಖಾಲಿಯಾಗುತ್ತಿತ್ತು, ಅವಳ ಚರ್ಮ ಮಾತ್ರ ಎಲುಬಿಗೆ ಅಂಟುತ್ತ ಹೋಯಿತು. ಬೆಳಗಾಗುವಷ್ಟರಲ್ಲಿ ಕೈ ಮೇಲೆ ಸುಕ್ಕು ಮೂಡಿತ್ತು. ಜಾಳಿಗೆಯ ಮೇಲಿನ ಕಾಯಿ ದಿನಗಟ್ಟಲೆ ಪಡುವ ಪಾಡನ್ನು ಅವಳು ಒಂದು ರಾತ್ರಿಯಲ್ಲಿ ಪಟ್ಟಿದ್ದಳು. ಡಾಕ್ಟರು ಮಿರಜಿಗೆ ಒಯ್ಯಲು ಹೇಳಿದರು. ದಾರಿಯಲ್ಲಿ ಉಳಿಯುವ ಭರವಸೆ ತಮಗಿಲ್ಲ ಎಂದೂ ಹೇಳಿದರು.

ವಿಶಾಲ ಆಸ್ಪತ್ರೆಯ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ವೇಷದ ಬಣ್ಣ ಇನ್ನೂ ಮುಖದ ಮೇಲಿತ್ತು. ಧರೆಪ್ಪ ಬಂದು ಪಕ್ಕದಲ್ಲಿ ನಿಂತ. ಬಯ್ಯಲಿಲ್ಲ.

"ಹಿಂದಕ ಒಮ್ಮಿ ಹಿಂಗ ಆಗಿತ್ತು ಅಂತ ನಮ್ಮ ಗುರುಗೋಳು ಅಂತಿದ್ರು," ಎಂದ. "ನೀರ ತಡದಾಂವ ತಾನs ಉಸುಕಿನ್ಯಾಗ ಮಲಗಿ ಕೇಳಬೇಕಂತ. ಮೂರನೇ ಕೂಗಿಗಿ ಅದು ಅಕಿನ್ನ ಬಿಟ್ಟು ಅವನ ಗಂಟಲಿಗಿ ಬರತೈತಿ."

"ಅವನು ಉಳಿದನಾ?"

"ಯಾರರ ಎದ್ದು ನೀರ ಕೊಟ್ರ ಉಳೀತಾನ."

"ಯಾರು ಕೊಡ್ತಾರೆ ಮಾವ?"

"ಅದನ್ನ ಕೇಳಬಾರದ್ರಿ. ಹೇಳಿ ಏಳಿಸಿದ್ರ ಅದು ನೀರ ಆಗಂಗಿಲ್ಲ." ಧರೆಪ್ಪ ಮುಂದುವರಿಸಿದ. "ನೀವು ಒಲ್ಲೆ ಅಂದ್ರ ನಾ ಒತ್ತಾಯ ಮಾಡಂಗಿಲ್ಲ. ನೀವು ಅಳಿಯಂದ್ರು. ಅಕಿ ಮಾತ್ರ ನನ್ನ ಮಗಳು."

ನಿನ್ನೆಯಾಗಿದ್ದರೆ ವಿಶಾಲ ಇದನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಗಾಜಿನ ಕಿಂಡಿಯಾಚೆ ಸೌಂದರ್ಯಾ ಬಾಯಿ ಆಡಿಸುತ್ತಿದ್ದಳು. ದನಿ ಇರಲಿಲ್ಲ. ಏನು ಕೇಳುತ್ತಿದ್ದಾಳೆಂದು ಊಹಿಸಬೇಕಾಗಿರಲಿಲ್ಲ.

"ಗಾಡಿ ತೆಗೀರಿ," ಎಂದ.

ನಡುಮಧ್ಯಾಹ್ನ. ಶೆಡ್ಡಿನ ತಗಡು ಕಾದು ಟಕ್ ಟಕ್ ಎನ್ನುತ್ತಿತ್ತು. ಸೌಂದರ್ಯಾಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ಊರು ಬಂದಿತ್ತು. ಆದರೆ ಯಾರೂ ಮುಂದೆ ಕೂರಲಿಲ್ಲ, ಪರದೆಗೆ ಬೆನ್ನು ಹಚ್ಚಿ ನಿಂತರು. ನಿನ್ನೆ ಹೊರಗಿಡಿಸಿದ ಚರಗಿ, ತಂಬಿಗೆ, ಬಾಟಲಿ ಎಲ್ಲರ ಕೈಯಲ್ಲೂ ಇದ್ದವು.

ವಿಶಾಲ ಉಸುಕಿನಲ್ಲಿ ಮಗ್ಗುಲಾದ. ಬಾಹುಬಲಿ ಅವನ ಕೈ ಹಿಂದಕ್ಕೆ ಕಟ್ಟಿದ.

ಮೊದಲನೆಯ ಕೂಗು. ದನಿ ಸಾಧಾರಣವಾಗಿತ್ತು. ಏನೂ ಆಗಲಿಲ್ಲ.

ಎರಡನೆಯ ಕೂಗು. ಹಲ್ಲುಗಳ ನಡುವೆ ಏನೋ ಕರಕರ ಎಂದಿತು.

ಮೂರನೆಯದನ್ನು ಹಾಡಲು ಬಾಯಿ ತೆರೆದ. ಹಾಡು ತಾನೇ ಬಂತು. ಅವನ ಗಂಟಲನ್ನು ಯಾರೋ ಒಳಗಿನಿಂದ ಹಿಡಿದು ಹಾಡಿಸುತ್ತಿದ್ದರು. ಕೊಡದ ಕೈಯಿಗಿ ಹೊಳಿಯೆ ತುಂಬಲಿ. ಗಂಟಲ ತುಂಬದಿರಲಿ.

ಮುಗಿಯುವ ಮೊದಲೇ ಚಾಪೆಯ ಮೇಲೆ ಸೌಂದರ್ಯಾ ಕೆಮ್ಮಿದಳು. ಎದ್ದು ಕುಳಿತಳು. ಧರೆಪ್ಪ ಕೊಟ್ಟ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಗಟಗಟ ಸದ್ದಾಯಿತು. ಆ ಸದ್ದು ವಿಶಾಲನ ಕಿವಿಯಲ್ಲಿ ಹೊಳೆಯಂತೆ ಕೇಳಿತು. ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ತಂಬಿಗೆ ತನಗೆ ಬೇಕು. ಅದೊಂದೇ ಯೋಚನೆ. ಅವಳು ಬದುಕಿದಳೆಂಬುದಕ್ಕಿಂತ ಅವಳ ಗಲ್ಲದಿಂದ ಜಾರುತ್ತಿದ್ದ ಹನಿ ದೊಡ್ಡದಾಗಿ ಕಂಡಿತು.

"ನೀರು," ಎಂದ.

ಯಾರೂ ಅಲುಗಲಿಲ್ಲ. ಎಲ್ಲರ ಕೈಯಲ್ಲೂ ನೀರು. ಎಲ್ಲರ ಕಣ್ಣಲ್ಲೂ ಹೆದರಿಕೆ.

ಸೀತವ್ವ ಮುಂದೆ ಬಂದಳು. ನಿನ್ನೆಯ ಹಾಗೇ, ಅಷ್ಟೇ ಲಗುಬಗೆಯಿಂದ. ಅವನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಚರಗಿ ಬಾಗಿಸಿದಳು. ತಿಳಿಯಾದ ನೀರು ಇಳಿದದ್ದನ್ನು ಅವನು ಕಂಡ. ತುಟಿಗೆ ತಾಗಿದ್ದು ಉಸುಕು. ಕಾದ ಉಸುಕು. ಉಗುಳಿದ. ಅವಳು ಮತ್ತೆ ಬಾಗಿಸಿದಳು. ಮತ್ತೆ ಉಸುಕು.

"ನಾ ಕೊಡಾಕತ್ತೇನು," ಎಂದು ಸೀತವ್ವ ಜನರತ್ತ ತಿರುಗಿದಳು. "ಅದs ತಗೋವಲ್ದು. ಒಮ್ಮಿ ಚೆಲ್ಲಿದ ಕೈ ಅಂತ ತಿಳಕೊಂಡೈತಿ. ಯಾರರ ಬರ್ರೆಪಾ! ಹಂಗ ನಿಂತೀರಲ್ಲ!"

ಯಾರೂ ಬರಲಿಲ್ಲ. ಧರೆಪ್ಪನೂ ಬರಲಿಲ್ಲ. ಅವನ ಎರಡೂ ಕೈ ಮಗಳ ಭುಜವನ್ನು ಗಟ್ಟಿಯಾಗಿ ಹಿಡಿದಿದ್ದವು.

ಹಸಿರು ಬೆಳಕು ಮಸುಕಾಯಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಕಣ್ಣು ಒಣಗಿತು. ರೆಪ್ಪೆ ಬಡಿದರೆ ಉಸುಕು ತಿಕ್ಕಿದಂತೆ ಉರಿ. ಎದೆ. ಹೊಟ್ಟೆ. ಬೆರಳ ತುದಿ. ಎಲ್ಲ ಕಡೆಯಿಂದಲೂ ನೀರು ಹೊರಟುಹೋಗುತ್ತಿತ್ತು. ಎಲ್ಲೋ ಹೊಳೆ ಹರಿಯುತ್ತಿತ್ತು. ಹತ್ತಿರದಲ್ಲೇ. ಬಹಳ ಹತ್ತಿರದಲ್ಲೇ.

ಸೌಂದರ್ಯಾ ಅಪ್ಪನ ಕೈ ಬಿಡಿಸಿಕೊಂಡಳು.

ತೂರಾಡುತ್ತ ಬಂದು ಸೀತವ್ವನ ಕೈಯಿಂದ ಚರಗಿ ತೆಗೆದುಕೊಂಡಳು. ಅವನ ತಲೆಯ ಬಳಿ ನಿಂತಳು. ಚರಗಿ ಎತ್ತಿದಳು.

ನಿಂತೇ ಇದ್ದಳು.

ವಿಶಾಲ ಮೇಲೆ ನೋಡಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ತಲೆ ಒಂದಿಷ್ಟು ವಾಲಿಸಿ, ದೂರದ ಯಾವುದೋ ಸಪ್ಪಳಕ್ಕೆ ಕಿವಿಗೊಟ್ಟವಳಂತೆ ನಿಂತಿದ್ದಳು. ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಕೇಳಲು ಬೇಕಾದ ತೇವವೂ ಉಳಿದಿರಲಿಲ್ಲ.

"ಮಗಳಾ," ಎಂದ ಧರೆಪ್ಪ, ಮೆಲ್ಲಗೆ.

ಚರಗಿ ಬಾಗಿತು. ನೀರು ಬಿತ್ತು. ನೀರೇ. ತಂಪಾದ, ಹಿತ್ತಾಳೆಯ ರುಚಿಯ ನೀರು. ವಿಶಾಲ ಉಸುಕಿನಲ್ಲಿ ಹೊರಳಾಡುತ್ತ ಕುಡಿದ. ಕೆಮ್ಮಿದ, ಮತ್ತೆ ಕುಡಿದ. ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

ಮಂಗಳ ಹಾಡುವುದು ಯಾರಿಗೂ ನೆನಪಾಗಲಿಲ್ಲ.

ಉಳಿದದ್ದು ಹೀಗೆ. ಅಂದು ಸಂಜೆ ವಿಶಾಲ ತಾನೇ ಕೊಡದಿಂದ ನೀರು ತೋಡಿಕೊಂಡು ಬಾಯಿಗಿಟ್ಟಾಗ ಅದು ಉಸುಕಾಗಿತ್ತು. ಅತ್ತೆ ಕೊಟ್ಟಳು, ಉಸುಕು. ಧರೆಪ್ಪ ಕೊಟ್ಟ, ಉಸುಕು. ಮಿರಜಿನ ಡಾಕ್ಟರು ಗಂಟಲಿನೊಳಗೆ ಕ್ಯಾಮೆರಾ ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ, ಮನಸ್ಸಿನದು ಎಂದರು. ಸೌಂದರ್ಯಾ ಹೊಯ್ದರೆ ಮಾತ್ರ ನೀರು ನೀರಾಗಿಯೇ ಇಳಿಯುತ್ತಿತ್ತು.

ಉತ್ಸವದವರಿಗೆ ಅವನು ಏನನ್ನೂ ಕಳಿಸಲಿಲ್ಲ. ಮೈಸೂರಿಗೂ ಹೋಗಲಿಲ್ಲ. ಅವಳು ತವರು ಬಿಟ್ಟು ಬರುವುದಿಲ್ಲ ಎಂದಳು, ಅವಳಿಲ್ಲದ ಊರಿನಲ್ಲಿ ಅವನಿಗೆ ಒಂದು ಹಗಲು ಕಳೆಯುವುದೂ ಸಾಧ್ಯವಿರಲಿಲ್ಲ. ಈಗ ಮಾವನ ತೋಟದಲ್ಲಿ ಕ್ರೇಟು ಹೊರುತ್ತಾನೆ. ಬಾಯಾರಿದಾಗ ಕೆಲಸ ಬಿಟ್ಟು, ಅವಳಿದ್ದಲ್ಲಿಗೆ ಹೋಗಿ, ಬೊಗಸೆ ಒಡ್ಡಿ ಬಗ್ಗಿ ನಿಲ್ಲುತ್ತಾನೆ. ಬಾನಿಯ ಸುತ್ತಲಿನ ಹೆಂಗಸರು ಮೊದಮೊದಲು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದರು. "ಅಳಿಯಂದ್ರಿಗಿ ಹೆಂಡತಿ ಕೈ ರುಚಿ ಹತ್ತೈತಿ ಬೇ," ಎಂದು ಒಬ್ಬಳು. "ಹತ್ತಲಿ ಬಿಡ, ನಮ್ಮನಿಯಾಂವಗ ಹತ್ತಲಿಲ್ಲಲ್ಲ," ಎಂದು ಇನ್ನೊಬ್ಬಳು. ಈಗ ಯಾರೂ ನಗುವುದಿಲ್ಲ. ಅವರೂ ನೋಡಿದ್ದಾರೆ.

ಅವಳು ಒಮ್ಮೆಯೂ ಇಲ್ಲವೆಂದಿಲ್ಲ. ನಡುರಾತ್ರಿ ಎಬ್ಬಿಸಿದರೂ ಎದ್ದು ಬರುತ್ತಾಳೆ. ಆದರೆ ಚರಗಿ ಎತ್ತಿದ ಮೇಲೆ ಒಂದು ಗಳಿಗೆ ತಡೆಯುತ್ತಾಳೆ. ತಲೆ ವಾಲಿಸಿ ಏನನ್ನೋ ಆಲಿಸುತ್ತಾಳೆ. ಹೊಳೆ ಆ ತೋಟಕ್ಕೆ ಬಹು ದೂರ, ಮಹಾಪೂರ ಬಂದಾಗಲೂ ಕೇಳುವುದಿಲ್ಲ. ಮೊದಲು ಆ ತಡ ಕಣ್ಣು ರೆಪ್ಪೆ ಬಡಿಯುವಷ್ಟಿತ್ತು. ಮಳೆಗಾಲದ ಹೊತ್ತಿಗೆ ಒಂದು ದೀರ್ಘ ಉಸಿರಿನಷ್ಟಾಯಿತು. ಏನು ಕೇಳುತ್ತಿದೆ ಎಂದು ಅವನು ಒಮ್ಮೆ ವಿಚಾರಿಸಿದ್ದ.

"ಏನಿಲ್ರಿ," ಎಂದಿದ್ದಳು. "ನೀವು ಇನ್ನೊಮ್ಮಿ ಕೇಳತೀರೇನೋ ಅಂತ."

ಇಂದು ಎಳೆಬಿಸಿಲಿನಲ್ಲಿ, ಹೊಸ ಚಿಗುರು ಬಿಟ್ಟ ಬಳ್ಳಿಯ ಸಾಲಿನ ಅಂಚಿಗೆ ಅವನು ಬಗ್ಗಿ ನಿಂತಿದ್ದಾನೆ. ಬೊಗಸೆ ಒಡ್ಡಿ ಆಗಲೇ ಬಹಳ ಹೊತ್ತಾಗಿದೆ. ಪಕ್ಕದ ಸಾಲಿನ ಹೆಂಗಸರು ಕೈಗೆಲಸ ನಿಲ್ಲಿಸಿ ನೋಡುತ್ತಿದ್ದಾರೆ. "ನೀರು," ಎನ್ನುತ್ತಾನೆ ಒಮ್ಮೆ. "ನೀರು," ಎನ್ನುತ್ತಾನೆ ಮತ್ತೊಮ್ಮೆ.

ಮೂರನೆಯ ಸಲ ಕೇಳಲು ಅವನಿಗೆ ಧೈರ್ಯವಿಲ್ಲ. ಚರಗಿ ಎತ್ತಿ ಹಿಡಿದ ಅವಳ ಕೈ ಇನ್ನೂ ಬಾಗಿಲ್ಲ.